ಉತ್ತರ ಗದ್ಯಭಾಗದಲ್ಲಿದೆ, ನಿಮ್ಮ ತಲೆಯಲ್ಲಿಲ್ಲ: ಸಿಯುಇಟಿ ಭಾಷಾ ಪತ್ರಿಕೆಗೆ ಓದುವ ಬಗೆ

ಕಲಬುರಗಿಯಿಂದ ಆಳಂದದ ಕಡೆಗೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಕಲಬುರಗಿ, ಬೀದರ್, ಯಾದಗಿರಿಯ ಪಿಯುಸಿ ವಿದ್ಯಾರ್ಥಿಗಳಿಗೆ ಅದು ಮನೆಯ ಅಂಗಳದಲ್ಲಿರುವ ವಿಶ್ವವಿದ್ಯಾಲಯವಾದರೂ, ಅಲ್ಲಿ ಪದವಿಗೆ ಸೇರಲು 2022ರಿಂದ ಇಡೀ ದೇಶದ ವಿದ್ಯಾರ್ಥಿಗಳೊಂದಿಗೆ ಕುಳಿತು ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕಾಗಿದೆ. ಈ ಪರೀಕ್ಷೆಯ ಭಾಷಾ ಪತ್ರಿಕೆ 13 ಭಾಷೆಗಳಲ್ಲಿ ಲಭ್ಯವಿದ್ದು, ನಮ್ಮ ಭಾಗದ ಮನೆಗಳಲ್ಲಿ ಕೇಳಿಬರುವ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಅದರಲ್ಲಿ ಸೇರಿವೆ. 2025ರಿಂದ ಒಂದೊಂದು ಪತ್ರಿಕೆಗೆ 50 ಪ್ರಶ್ನೆಗಳು, 60 ನಿಮಿಷ. ಎಲ್ಲ ಪ್ರಶ್ನೆಗಳೂ ಕಡ್ಡಾಯ. ಸರಿಯುತ್ತರಕ್ಕೆ 5 ಅಂಕ ಸೇರುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ಭಾಷಾ ಪತ್ರಿಕೆಯ ಜೀವಾಳವೆಂದರೆ ಗದ್ಯಭಾಗವನ್ನು ಓದಿ ಉತ್ತರಿಸುವುದು. ಮಾಹಿತಿಪರ, ಕಥನಪರ ಮತ್ತು ಸಾಹಿತ್ಯಕ ಎಂಬ ಮೂರು ಬಗೆಯ ಗದ್ಯಭಾಗಗಳು ಅಲ್ಲಿ ಬರುತ್ತವೆ.

ಈ ಪತ್ರಿಕೆಗೆ ಸಿದ್ಧರಾಗುವ ಮಕ್ಕಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಕನ್ನಡ ಆರಿಸಿಕೊಂಡವರು ‘ಕನ್ನಡ ತಾನೇ, ಅಂದು ನೋಡಿಕೊಂಡರಾಯಿತು’ ಎಂದು ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಆರಿಸಿಕೊಂಡವರು ಪದಗಳ ದೊಡ್ಡ ಪಟ್ಟಿ ಹಿಡಿದು ಉರುಹೊಡೆಯುತ್ತಾರೆ. ಇಬ್ಬರೂ ಅಂಕ ಕಳೆದುಕೊಳ್ಳುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಗದ್ಯಭಾಗ ಹೇಳಿದ್ದನ್ನು ಬಿಟ್ಟು ತಮಗೆ ಗೊತ್ತಿರುವುದಕ್ಕೆ ಗುರುತು ಹಾಕುತ್ತಾರೆ.

ಮಣ್ಣಿನ ಪ್ರಶ್ನೆ

ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ತರಗತಿಗೆಂದು ನಾನೇ ಬರೆದುಕೊಂಡಿರುವ ಒಂದು ಗದ್ಯಭಾಗ ಇಲ್ಲಿದೆ. ನಿಧಾನವಾಗಿ ಓದಿ.

“ಬಿದರಿ ಪಾತ್ರೆಯ ಮೂಲ ಲೋಹ ಬೆಳ್ಳಿಯಲ್ಲ. ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಎರಕದ ಮೈಯನ್ನು ನುಣುಪುಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೆತ್ತಿ, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿ, ಬೆಳ್ಳಿಗೂ ಸತುವಿಗೂ ನಡುವೆ ಅಂಥ ವ್ಯತ್ಯಾಸವೇ ಕಾಣದಂತಾಗುತ್ತದೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಸತುವಿನ ಮೈ ಮಾತ್ರ ಕಡುಗಪ್ಪಾಗುತ್ತದೆ. ಬೇರೆ ಕಡೆಯ ಮಣ್ಣಿನಿಂದ ಈ ಕಪ್ಪು ಬರುವುದಿಲ್ಲವೆಂದು ಕುಶಲಕರ್ಮಿಗಳು ಹೇಳುತ್ತಾರೆ.”

ಮೊದಲ ಪ್ರಶ್ನೆ: ಬೆಳ್ಳಿಯ ಚಿತ್ತಾರ ಎದ್ದು ಕಾಣುವುದು ಯಾವುದರಿಂದ? ಆಯ್ಕೆಗಳು: (ಅ) ಬೆಳ್ಳಿಯ ತಂತಿಗೆ ಹೊಳಪು ಕೊಡುವುದರಿಂದ, (ಆ) ಮೈಲುತುತ್ತ ಬಳಿಯುವುದರಿಂದ, (ಇ) ಸತು ಕಪ್ಪಾಗಿ ಬೆಳ್ಳಿ ಹಾಗೆಯೇ ಉಳಿಯುವುದರಿಂದ, (ಈ) ತಾಮ್ರ ಬೆರೆಸುವುದರಿಂದ. ಉತ್ತರ (ಇ) ಎಂಬುದು ಹೆಚ್ಚಿನವರಿಗೆ ಹೊಳೆಯುತ್ತದೆ. ಆದರೆ ‘ಬೆಳ್ಳಿ ಹಾಗೆಯೇ ಉಳಿಯುತ್ತದೆ’ ಎಂದು ಯಾವ ಸಾಲು ಹೇಳಿದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಹಾಗೆ ಹೇಳುವ ಸಾಲೇ ಇಲ್ಲ, ಒಂದು ಪದವಿದೆ. ‘ಸತುವಿನ ಮೈ ಮಾತ್ರ’ ಎಂಬಲ್ಲಿನ ‘ಮಾತ್ರ’ ಬೆಳ್ಳಿಯನ್ನು ಹೊರಗಿಡುತ್ತದೆ. ಆ ಪದವನ್ನು ಅಳಿಸಿ ಓದಿದರೆ ಉತ್ತರಕ್ಕೆ ಆಧಾರವೇ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆ: ಕೋಟೆಯ ಮಣ್ಣಿನ ಬಗ್ಗೆ ಗದ್ಯಭಾಗದಿಂದ ತಿಳಿಯುವುದೇನು? (ಅ) ಬೇರೆ ಮಣ್ಣಿನಿಂದ ಕಪ್ಪು ಬರದೆಂಬುದು ಪ್ರಯೋಗದಿಂದ ಸಾಬೀತಾಗಿದೆ. (ಆ) ಬೇರೆ ಮಣ್ಣಿನಿಂದ ಅಂಥ ಕಪ್ಪು ಬರದೆಂಬುದು ಕುಶಲಕರ್ಮಿಗಳ ಅಭಿಪ್ರಾಯ. (ಇ) ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆ. (ಈ) ಆ ಮಣ್ಣನ್ನು ನಾಲಿಗೆಯಿಂದ ರುಚಿ ನೋಡಿ ಆರಿಸುತ್ತಾರೆ.

ಒಮ್ಮೆ ಬೀದರಿನ ಹುಡುಗನೊಬ್ಬ ಹಿಂದೆಮುಂದೆ ನೋಡದೆ (ಈ)ಗೆ ಗುರುತು ಹಾಕಿದ. ತಪ್ಪೆಂದಾಗ ಅವನಿಗೆ ಸಿಟ್ಟೇ ಬಂತು. “ಖರೇ ಹೇಳ್ತೀನ್ರಿ ಸರ್, ನಾಲಿಗಿಗೆ ಹಚ್ಚೇ ನೋಡ್ತಾರ, ನಮ್ಮ ಓಣ್ಯಾಗ ನಾ ನೋಡೀನಿ” ಎಂದ. ಅವನು ಹೇಳಿದ್ದು ನಿಜ. ಬಿದರಿ ಕೆಲಸದವರು ಮಣ್ಣನ್ನು ರುಚಿ ನೋಡಿ ಆರಿಸುವುದುಂಟು. ಆದರೆ ಆ ನಿಜ ಅವನ ಓಣಿಯಲ್ಲಿದೆ, ಗದ್ಯಭಾಗದಲ್ಲಿಲ್ಲ. ಇನ್ನು (ಅ) ಆರಿಸಿದವರು ‘ಹೇಳುತ್ತಾರೆ’ ಎಂಬ ಕ್ರಿಯಾಪದವನ್ನು ಗಮನಿಸಿಲ್ಲ. ಬರೆದವನು ಆ ಮಾತಿನ ಹೊಣೆಯನ್ನು ತಾನು ಹೊರದೆ ಕುಶಲಕರ್ಮಿಗಳ ಮೇಲೆ ಹಾಕಿದ್ದಾನೆ. ಸರಿಯುತ್ತರ (ಆ).

ಪ್ರಶ್ನೆ ರಚಿಸುವವರು ತಪ್ಪು ಆಯ್ಕೆಗಳನ್ನು ಹೀಗೆಯೇ ಹೆಣೆಯುತ್ತಾರೆ: ಒಂದು, ಲೋಕದಲ್ಲಿ ನಿಜವಾಗಿದ್ದು ಗದ್ಯಭಾಗದಲ್ಲಿ ಇಲ್ಲದ್ದು, ಇನ್ನೊಂದು, ಗದ್ಯಭಾಗದ ಪದಗಳನ್ನೇ ಬಳಸಿ ಅರ್ಥವನ್ನು ಒಂದು ಹಂತ ಹೆಚ್ಚಿಸಿದ್ದು. ತೊಗರಿ, ಶಹಾಬಾದಿನ ಕಲ್ಲು, ಬಹಮನಿ ಕೋಟೆಗಳಂಥ ನಮಗೆ ಬಳಕೆಯ ವಿಷಯ ಬಂದಾಗಲೇ ಹೆಚ್ಚು ಎಚ್ಚರ ಬೇಕು. ಗೊತ್ತಿಲ್ಲದ ವಿಷಯವನ್ನು ಎಲ್ಲರೂ ಹುಷಾರಾಗಿಯೇ ಓದುತ್ತಾರೆ, ಗೊತ್ತಿರುವ ವಿಷಯದಲ್ಲಿ ಕಣ್ಣು ಸಾಲುಗಳ ಮೇಲೆ ಜಾರಿಕೊಂಡು ಹೋಗುತ್ತದೆ.

ಆದ್ದರಿಂದ ಅಭ್ಯಾಸದ ಮೊದಲ ನಿಯಮ ಇಷ್ಟೇ. ಪ್ರತಿ ಉತ್ತರಕ್ಕೂ ಗದ್ಯಭಾಗದಲ್ಲಿ ಬೆರಳಿಟ್ಟು ತೋರಿಸುವ ಜಾಗವೊಂದು ಇರಬೇಕು. ಊಹಿಸಿ ಉತ್ತರಿಸುವ ಪ್ರಶ್ನೆಗೂ ಇದು ಅನ್ವಯಿಸುತ್ತದೆ, ಏಕೆಂದರೆ ಅಂಥ ಊಹೆ ಹುಟ್ಟಬೇಕಾದದ್ದೂ ಒಂದು ಪದದಿಂದಲೇ.

ಕನ್ನಡದ ಸಣ್ಣ ಪ್ರತ್ಯಯಗಳು

ಕನ್ನಡ ಗದ್ಯದಲ್ಲಿ ಅರ್ಥವನ್ನು ತಿರುಗಿಸುವ ಕೀಲಿಗಳು ಬಹಳ ಸಣ್ಣವು. ‘ಅವನು ಬಂದ’ ಎಂಬುದು ಒಂದು ಸಂಗತಿಯಷ್ಟೆ. ‘ಅವನೂ ಬಂದ’ ಎಂದರೆ ಬೇರೆಯವರೂ ಬಂದಿದ್ದಾರೆ. ‘ಅವನೇ ಬಂದ’ ಎಂದರೆ ಇನ್ನೊಬ್ಬರನ್ನು ಕಳಿಸಬಹುದಾಗಿತ್ತು, ಇಲ್ಲವೇ ಅವನ ಬರವನ್ನು ಯಾರೂ ನಿರೀಕ್ಷಿಸಿರಲಿಲ್ಲ. ‘ಅವನಾದರೂ ಬಂದ’ ಎಂದರೆ ಬರಬೇಕಾದವರು ಬಂದಿಲ್ಲವೆಂಬ ಅಸಮಾಧಾನ ಒಳಗಿದೆ. ‘ಅವನು ಬಂದನಂತೆ’ ಎಂದರೆ ಹೇಳುವವನು ಕಣ್ಣಾರೆ ಕಂಡಿಲ್ಲ. ಮಾತನಾಡುವಾಗ ಈ ವ್ಯತ್ಯಾಸಗಳು ನಮ್ಮಲ್ಲಿ ಯಾರಿಗೂ ತಪ್ಪುವುದಿಲ್ಲ. ಕಾಗದದ ಮೇಲೆ ಓದುವಾಗ ಮಾತ್ರ ಪ್ರತ್ಯಯವನ್ನು ಬಿಟ್ಟು ಪದದ ಬುಡವನ್ನಷ್ಟೇ ಹಿಡಿಯುವ ದುರಭ್ಯಾಸ ಹೇಗೋ ಬಂದುಬಿಟ್ಟಿದೆ. ದಿನಪತ್ರಿಕೆಯ ಒಂದು ಸಂಪಾದಕೀಯವನ್ನು ತೆಗೆದುಕೊಂಡು ‘ಊ’, ‘ಏ’, ‘ಮಾತ್ರ’, ‘ಆದರೂ’, ‘ಅಂತೆ’, ‘ಎನ್ನಲಾಗಿದೆ’ ಇವುಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ಗೆರೆ ಎಳೆದ ಪ್ರತಿ ಜಾಗದಲ್ಲೂ ಆ ಅಂಶವನ್ನು ತೆಗೆದುಹಾಕಿ ಓದಿದರೆ ಅರ್ಥ ಎಷ್ಟು ಬದಲಾಗುತ್ತದೆಂದು ನೋಡಿ. ಹತ್ತು ದಿನ ಹೀಗೆ ಮಾಡಿದರೆ ಕಣ್ಣು ತಾನಾಗಿಯೇ ಅಲ್ಲಿ ನಿಲ್ಲಲು ಕಲಿಯುತ್ತದೆ.

ನಿಷೇಧದ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’ ಬರುವುದು ವಾಕ್ಯದ ತುದಿಯಲ್ಲಿ. ‘ಕೆಳಗಿನ ಹೇಳಿಕೆಗಳಲ್ಲಿ ಗದ್ಯಭಾಗಕ್ಕೆ ಸಂಬಂಧಿಸಿದಂತೆ ಯಾವುದು ಸರಿಯಲ್ಲ’ ಎಂಬ ಪ್ರಶ್ನೆಯನ್ನು ಅವಸರದಲ್ಲಿ ಓದುವವನು ‘ಸರಿ’ ಎಂಬಲ್ಲಿಗೇ ನಿಂತು ಆಯ್ಕೆಗಳಿಗೆ ಇಳಿಯುತ್ತಾನೆ, ಮೊದಲ ಆಯ್ಕೆ ಸರಿಯಾಗಿಯೇ ಕಾಣುವುದರಿಂದ ಅದಕ್ಕೇ ಗುರುತು ಹಾಕುತ್ತಾನೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಒಂದು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಇದೇ ಕಾರಣಕ್ಕೆ ಸಾಲಾಗಿ ಮೂರು ಪ್ರಶ್ನೆ ಕಳೆದುಕೊಂಡಿದ್ದೇನೆ. ಅದಕ್ಕೇ ಈಗ ಪ್ರಶ್ನೆಯ ಕೊನೆಯ ಪದವನ್ನು ಮೊದಲು ಓದಿಸಿ, ಆಮೇಲೆ ಇಡೀ ಪ್ರಶ್ನೆಯನ್ನು ಓದಿಸುತ್ತೇನೆ. ಜೋಡಿ ನಿಷೇಧಗಳೂ ಬರುತ್ತವೆ. ‘ಈ ವಾದದಲ್ಲಿ ಹುರುಳಿಲ್ಲದಿಲ್ಲ’ ಎಂದರೆ ಹುರುಳಿದೆ ಎಂದೇ ಅರ್ಥ, ಆದರೆ ಪೂರ್ತಿ ಒಪ್ಪಿಗೆಯಲ್ಲ. ಲೇಖಕರ ನಿಲುವನ್ನು ಕೇಳುವ ಪ್ರಶ್ನೆಗೆ ‘ಅರೆಮನಸ್ಸಿನ ಸಮ್ಮತಿ’ ಎಂಬ ಆಯ್ಕೆಯಿದ್ದರೆ ಅದು ಹುಟ್ಟುವುದು ಇಂಥ ವಾಕ್ಯದಿಂದ.

ಪದಗಳ ಅರ್ಥ ಕೇಳುವ ಪ್ರಶ್ನೆಗಳಲ್ಲಿಯೂ ನಿಘಂಟಿನ ಅರ್ಥಕ್ಕಿಂತ ಸಾಲಿನ ಅರ್ಥ ಮುಖ್ಯ. ‘ಅಪವಾದ’ ಎಂದರೆ ಒಂದೆಡೆ ಸುಳ್ಳು ಆರೋಪ, ಇನ್ನೊಂದೆಡೆ ನಿಯಮಕ್ಕೆ ಹೊರತಾದದ್ದು. ‘ಪಕ್ಷ’ ಎಂದರೆ ರಾಜಕೀಯ ಗುಂಪು, ಹದಿನೈದು ದಿನ, ಹಕ್ಕಿಯ ರೆಕ್ಕೆ. ಆಯ್ಕೆಯಲ್ಲಿರುವ ಪದವನ್ನು ಮೂಲ ಪದದ ಜಾಗದಲ್ಲಿಟ್ಟು ಇಡೀ ಸಾಲನ್ನು ಓದಿ, ಹೊಂದದ್ದನ್ನು ಬಿಡಿ. ಒಂದು ಪದವನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ಎಷ್ಟು ನಿಂತಿರುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲಿಯೇ ದೊಡ್ಡ ಉದಾಹರಣೆಯಿದೆ. ಇಂದಿನ ಬಸವಕಲ್ಯಾಣ ಹಿಂದೆ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿತ್ತು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿ ಎಂಬ ಧರ್ಮಶಾಸ್ತ್ರ ಗ್ರಂಥಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದಾಗ, ಹತ್ತಿರದ ಬಂಧುವನ್ನು ಸೂಚಿಸುವ ‘ಸಪಿಂಡ’ ಎಂಬಲ್ಲಿನ ‘ಪಿಂಡ’ವನ್ನು ಶರೀರವೆಂದು ಓದಿದ. ಬಂಗಾಳದ ‘ದಾಯಭಾಗ’ ಎಂಬ ಗ್ರಂಥ ಅದೇ ಪದವನ್ನು ಶ್ರಾದ್ಧದಲ್ಲಿ ಇಡುವ ಪಿಂಡವೆಂದು ಓದಿತು. ಆಸ್ತಿಗೆ ವಾರಸುದಾರರು ಯಾರು ಎಂಬ ಲೆಕ್ಕ ಎರಡು ಕಡೆ ಎರಡು ಬಗೆಯಾದದ್ದರ ಹಿಂದೆ ಈ ಓದಿನ ವ್ಯತ್ಯಾಸವೂ ಇದೆ.

ಕಥನದ ಭಾಗ

ಕಥೆಯ ತುಣುಕು ಬಂದಾಗ ಹೆಚ್ಚಿನ ಮಕ್ಕಳು ಎಡವುವುದು ಭಾವ ಕೇಳುವ ಪ್ರಶ್ನೆಯಲ್ಲಿ. ಒಂದು ಉದಾಹರಣೆ: “ಹೊರಟ ಬಸ್ಸಿನ ಕಿಟಕಿಯಿಂದ ಅಪ್ಪ ಕೈ ಚಾಚಿ ಐವತ್ತರ ನೋಟು ಕೊಟ್ಟು, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದ. ನೋಟು ಬೆವರಿನಿಂದ ಒದ್ದೆಯಾಗಿತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ತಲೆಯನ್ನು ಒಳಕ್ಕೆ ಎಳೆದುಕೊಳ್ಳಲಿಲ್ಲ.” ತಂದೆಯ ಮನಸ್ಸಿನಲ್ಲಿ ಇದ್ದದ್ದೇನು? ಬಡತನ, ಅಗಲಿಕೆಯ ಸಂಕಟ, ಮಗನ ಮೇಲಿನ ಅಪನಂಬಿಕೆ, ಉದಾಸೀನ ಎಂಬ ನಾಲ್ಕು ಆಯ್ಕೆಗಳಿದ್ದರೆ ತರಗತಿಯ ಅರ್ಧದಷ್ಟು ಮಂದಿ ‘ಬಡತನ’ ಎನ್ನುತ್ತಾರೆ. ಐವತ್ತು ರೂಪಾಯಿ, ಬೆವರು, ಬಸ್ಸು ಇವುಗಳನ್ನು ಕಂಡೊಡನೆ ತಲೆಯಲ್ಲಿ ಸಿದ್ಧವಾಗಿರುವ ಕಥೆಯೊಂದು ಎದ್ದು ಕೂರುತ್ತದೆ. ಆದರೆ ಬಡತನ ಒಂದು ಸ್ಥಿತಿ, ಪ್ರಶ್ನೆ ಕೇಳಿರುವುದು ಭಾವವನ್ನು. ನೋಟು ಒದ್ದೆಯಾದದ್ದು ಅದನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದರಿಂದಲೂ ಇರಬಹುದು. ಬೆರಳಿಟ್ಟು ತೋರಿಸಬಹುದಾದ ಜಾಗ ಕೊನೆಯ ಸಾಲಿನಲ್ಲಿದೆ, ಒಳಕ್ಕೆ ಬಾರದ ಆ ತಲೆಯಲ್ಲಿ.

ಮೊದಲು ಪ್ರಶ್ನೆಗಳನ್ನು ಓದಿಕೊಂಡು ಆಮೇಲೆ ಗದ್ಯಭಾಗದಲ್ಲಿ ಆ ಪದಗಳನ್ನು ಹುಡುಕಬೇಕೆಂದು ಅನೇಕ ಕಡೆ ಹೇಳಿಕೊಡುತ್ತಾರೆ. ಮಾಹಿತಿಪರ ಗದ್ಯಕ್ಕೆ ಅದು ನಡೆದೀತು, ಇಸವಿ, ಹೆಸರು, ಕಾರಣಗಳು ಹಾಗೆ ಸಿಗುತ್ತವೆ. ಕಥನ ಮತ್ತು ಸಾಹಿತ್ಯಕ ಗದ್ಯಕ್ಕೆ ಆ ಕ್ರಮ ಕೆಲಸಕ್ಕೆ ಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹುಡುಕುವ ಕಣ್ಣಿಗೆ ಪದ ಸಿಗುತ್ತದೆ, ಧ್ವನಿ ಸಿಗುವುದಿಲ್ಲ. ಅಭಿಪ್ರಾಯ ಮಂಡಿಸುವ ಲೇಖನದಲ್ಲಿ ಇನ್ನೊಂದು ಅಪಾಯವಿದೆ. ಲೇಖಕರು ಎದುರಾಳಿಯ ವಾದವನ್ನು ಮೊದಲ ಪ್ಯಾರಾದಲ್ಲಿ ಪೂರ್ತಿ ಹೇಳಿ, ಎರಡನೆಯದನ್ನು ‘ಆದರೆ’ ಎಂದು ಆರಂಭಿಸುತ್ತಾರೆ. ಪದ ಹುಡುಕಿಕೊಂಡು ಹೋದವನು ಎದುರಾಳಿಯ ವಾದವನ್ನೇ ಲೇಖಕರದ್ದೆಂದು ತಿಳಿದು ಹಿಂದಿರುಗುತ್ತಾನೆ.

ಇದಕ್ಕೆ ನಾನು ಕಂಡುಕೊಂಡಿರುವ ಮದ್ದು ಮನೆಮಾತು. ಪ್ರತಿ ಪ್ಯಾರಾ ಮುಗಿದ ಮೇಲೆ ಕಣ್ಣು ಮೇಲೆತ್ತಿ, “ಇಲ್ಲಿ ಇಂವಾ ಏನ್ ಹೇಳ್ಲಿಕತ್ತಾನ?” ಎಂದು ನಿಮ್ಮ ಮನೆಯಲ್ಲಿ ಆಡುವ ಮಾತಿನಲ್ಲಿಯೇ ಕೇಳಿಕೊಂಡು, ಅದೇ ಮಾತಿನಲ್ಲಿ ಒಂದು ಸಾಲಿನ ಉತ್ತರ ಕೊಟ್ಟುಕೊಳ್ಳಿ. ಗ್ರಾಂಥಿಕ ಕನ್ನಡದಲ್ಲಿ ಉತ್ತರಿಸಲು ಹೋದರೆ ಗದ್ಯಭಾಗದ ಪದಗಳೇ ಬಾಯಿಗೆ ಬರುತ್ತವೆ, ಅರ್ಥವಾಯಿತೋ ಇಲ್ಲವೋ ತಿಳಿಯುವುದಿಲ್ಲ. ಮನೆಮಾತಿಗೆ ತಂದಾಗ ಅರ್ಥವಾಗದ ಭಾಗ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವವರು ಆ ಭಾಷೆಯಲ್ಲಿಯೇ ಹೇಳಿಕೊಳ್ಳಲಿ.

ಇಂಗ್ಲಿಷ್ ಪತ್ರಿಕೆ ಬರೆಯುವವರಿಗೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನಲ್ಲಿ ತೊಡಕಾಗುವುದು ಪದಗಳಿಗಿಂತ ಹೆಚ್ಚಾಗಿ ವಾಕ್ಯದ ಕಟ್ಟಡ. ನಾವು ‘ಬೇಗ ಬಿತ್ತಿದ ರೈತರು ಬೆಳೆ ಕಳೆದುಕೊಂಡರು’ ಎನ್ನುತ್ತೇವೆ. ಇಂಗ್ಲಿಷ್ ಅದನ್ನು ‘ರೈತರು, ಯಾರು ಬೇಗ ಬಿತ್ತಿದ್ದರೋ, ಕಳೆದುಕೊಂಡರು ಬೆಳೆಯನ್ನು’ ಎಂಬ ಕ್ರಮದಲ್ಲಿ ಇಡುತ್ತದೆ. ನಮ್ಮಲ್ಲಿ ವಿಶೇಷಣ ಮುಂದೆ, ಕ್ರಿಯೆ ಕೊನೆಗೆ. ಅಲ್ಲಿ ಹೆಸರು ಮುಂದೆ, ಅದಕ್ಕೆ ಜೋತುಬಿದ್ದ ವಿವರಣೆ ಹಿಂದೆ, ನಡುವೆ ಎಲ್ಲೋ ಕ್ರಿಯಾಪದ. ಉದ್ದದ ವಾಕ್ಯವನ್ನು ಪದಪದವಾಗಿ ಅನುವಾದಿಸುತ್ತ ಹೋದರೆ ಅರ್ಧದಲ್ಲಿಯೇ ಕರ್ತೃ ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಯಾರು, ಏನು ಮಾಡಿದರು ಎಂಬ ಎರಡನ್ನು ಹಿಡಿಯಿರಿ, ನಡುವಿನ ವಿವರಣೆಯನ್ನು ಎರಡನೆಯ ಸುತ್ತಿನಲ್ಲಿ ಸೇರಿಸಿ.

ಕಣ್ತಪ್ಪಿಸುವ ಸಣ್ಣ ಪದಗಳು ಅಲ್ಲಿಯೂ ಇವೆ. ‘ಎ ಫ್ಯೂ’ ಎಂದರೆ ಕೆಲವರು, ಬರಿಯ ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ ಜನ. ‘ಹಾರ್ಡ್ಲಿ’ ಎಂಬುದಕ್ಕೂ ಕಷ್ಟಪಡುವುದಕ್ಕೂ ಸಂಬಂಧವಿಲ್ಲ, ಅದು ‘ಇಲ್ಲ’ ಎಂಬುದರ ಮೆದು ರೂಪ. ‘ಅನ್‌ಲೆಸ್’ ತನ್ನೊಳಗೇ ‘ಇಲ್ಲದಿದ್ದರೆ’ ಎಂಬುದನ್ನು ಅಡಗಿಸಿಕೊಂಡಿರುತ್ತದೆ. ಪಟ್ಟಿ ಉರುಹೊಡೆಯಲೇಬೇಕೆಂದಿದ್ದರೆ ಇಂಥ ಇಪ್ಪತ್ತು ಮೂವತ್ತು ಪದಗಳ ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ. ದಿನವೂ ಓದಲು ಒಂದು ಸುಲಭದ ದಾರಿಯೂ ಇದೆ. ‘ಪ್ರಜಾವಾಣಿ’ ಮತ್ತು ‘ಡೆಕ್ಕನ್ ಹೆರಾಲ್ಡ್’ ಒಂದೇ ಸಂಸ್ಥೆಯ ಪತ್ರಿಕೆಗಳು. ಒಂದೇ ಘಟನೆಯ ವರದಿಯನ್ನು ಮೊದಲು ಕನ್ನಡದಲ್ಲಿ ಓದಿ, ಬಳಿಕ ಇಂಗ್ಲಿಷಿನಲ್ಲಿ ಓದಿದರೆ ವಿಷಯದ ಭಾರ ಇಳಿದು ವಾಕ್ಯದ ಕಟ್ಟಡವಷ್ಟೇ ಕಣ್ಣಿಗೆ ಬೀಳುತ್ತದೆ. ತಿಂಗಳ ನಂತರ ಕ್ರಮವನ್ನು ತಿರುಗುಮುರುಗು ಮಾಡಿ.

ಅಭ್ಯಾಸ, ಗಡಿಯಾರ, ಅಂಕ

ಮೊದಲ ಮೂರು ವಾರ ಗಡಿಯಾರವನ್ನು ದೂರವಿಡಿ. ದಿನಕ್ಕೆ ಎರಡೇ ಗದ್ಯಭಾಗ ಸಾಕು, ಆದರೆ ಪ್ರತಿ ಉತ್ತರಕ್ಕೂ ಆಧಾರದ ಸಾಲನ್ನು ಗುರುತಿಸಬೇಕು. ಒಂದು ನೋಟುಪುಸ್ತಕದಲ್ಲಿ ತಪ್ಪುಗಳನ್ನು ಬರೆದಿಡಿ. ‘ತಪ್ಪಾಯಿತು’ ಎಂದು ಬರೆದರೆ ಪ್ರಯೋಜನವಿಲ್ಲ. ‘(ಅ) ಆರಿಸಿದೆ, ಸಾಬೀತಾಗಿದೆ ಎಂದುಕೊಂಡೆ, ಗದ್ಯದಲ್ಲಿ ಇದ್ದದ್ದು: ಹೇಳುತ್ತಾರೆ’ ಎಂಬಷ್ಟು ವಿವರ ಇರಬೇಕು. ಐವತ್ತು ತಪ್ಪುಗಳು ಸೇರಿದ ಮೇಲೆ ಪುಟ ತಿರುವಿ ನೋಡಿ. ಹೆಚ್ಚಿನವರ ತಪ್ಪುಗಳು ಎರಡು ಮೂರು ಬಗೆಗೇ ಸೇರಿರುತ್ತವೆ, ಆಮೇಲೆ ಅಭ್ಯಾಸ ಮಾಡಬೇಕಾದದ್ದು ಅಷ್ಟನ್ನೇ.

ನಾಲ್ಕನೆಯ ವಾರದಿಂದ ಸಮಯ ಹಿಡಿಯಿರಿ. 60 ನಿಮಿಷಕ್ಕೆ 50 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡು, ಗದ್ಯಭಾಗ ಓದುವ ಹೊತ್ತೂ ಅದರಲ್ಲೇ ಸೇರಿದೆ. ಗದ್ಯಕ್ಕೆ ಹೊರತಾದ ಪದ, ನುಡಿಗಟ್ಟುಗಳ ಪ್ರಶ್ನೆಗಳನ್ನು ಮೊದಲು ಮುಗಿಸಿ ಉಳಿದ ಹೊತ್ತನ್ನು ಗದ್ಯಕ್ಕೆ ಕೊಡುವುದು ಒಳ್ಳೆಯದು. ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಗೆರೆ ಎಳೆಯಲು ಕಾಗದವಿಲ್ಲ. ಪರದೆಯ ಮೇಲೆ ಓದುತ್ತ, ಪಕ್ಕದ ರಫ್ ಹಾಳೆಯಲ್ಲಿ ಪ್ಯಾರಾಕ್ಕೆ ಒಂದೆರಡು ಪದ ಬರೆದುಕೊಳ್ಳುವುದನ್ನು ಮೊದಲೇ ರೂಢಿಸಿಕೊಳ್ಳಬೇಕು. ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಜಾಲತಾಣದಲ್ಲಿ ಅಣಕು ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಪರೀಕ್ಷೆ ಬರುವುದು ಮೇ ತಿಂಗಳ ಆಸುಪಾಸಿನಲ್ಲಿ, ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿರುವ ದಿನಗಳಲ್ಲಿ. ಬೆಳಗಿನ ತಂಪಿನಲ್ಲಿ ಮಾತ್ರ ಓದಿ ರೂಢಿಯಾದವರಿಗೆ ಮಧ್ಯಾಹ್ನದ ಪಾಳಿ ಬಂದರೆ ತಲೆ ಓಡುವುದಿಲ್ಲ, ವಾರಕ್ಕೆ ಎರಡು ಅಣಕು ಪರೀಕ್ಷೆಗಳನ್ನಾದರೂ ಮಧ್ಯಾಹ್ನ ಮೂರರ ಹೊತ್ತಿಗೆ ಬರೆಯಿರಿ.

ಉತ್ತರ ತಿಳಿಯದಿದ್ದಾಗ ಬಿಡಬೇಕೋ ಹಾಕಬೇಕೋ ಎಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ನಾಲ್ಕು ಆಯ್ಕೆಗಳ ನಡುವೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗಿ 5 ಅಂಕ ಬರುತ್ತದೆ, ಮೂರು ತಪ್ಪಾಗಿ 3 ಅಂಕ ಹೋಗುತ್ತದೆ, ಉಳಿಯುವುದು 2. ಎರಡು ಆಯ್ಕೆಗಳನ್ನು ಆಧಾರಸಹಿತ ತೆಗೆದುಹಾಕಿದ್ದರೆ ಎರಡು ಪ್ರಶ್ನೆಗೆ 4 ಅಂಕ ಉಳಿಯುತ್ತದೆ. ಆದ್ದರಿಂದ ಖಾಲಿ ಬಿಡುವುದರಿಂದ ಲಾಭವಿಲ್ಲ. ಆದರೆ ಗದ್ಯಭಾಗದ ಪ್ರಶ್ನೆಯಲ್ಲಿ ‘ಇದೇ ಇರಬೇಕು’ ಎಂದು ಮನಸ್ಸು ಎಳೆಯುವ ಆಯ್ಕೆಯನ್ನು ಬಲೆಯಾಗಿಯೇ ಹೆಣೆದಿರುವುದುಂಟು, ಅಲ್ಲಿ ಈ ಸರಾಸರಿ ಕೈಕೊಡುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ, ಮತ್ತೆ ನೋಡಲೆಂದು ಗುರುತು ಹಾಕಿಟ್ಟ ಪ್ರಶ್ನೆಗಳಿಗೆ ಹಿಂದಿರುಗಿದಾಗ, ಬೇರೆ ಉತ್ತರಕ್ಕೆ ಆಧಾರವಾದ ಪದ ಗದ್ಯದಲ್ಲಿ ಕಂಡರೆ ಮಾತ್ರ ಮೊದಲಿನದನ್ನು ಬದಲಾಯಿಸಿ. ಕಾಣದಿದ್ದರೆ ಮೌಸಿನಿಂದ ಕೈ ತೆಗೆದು ಮುಂದಿನ ಪ್ರಶ್ನೆಗೆ ಹೋಗಿ.